ಪರದೆಯ ಹಿಂದಿನ ದಾಳ

ನನ್ನ ಗಂಡ ತೀರಿಕೊಂಡಾಗ ನನಗೆ ಇಪ್ಪತ್ತಮೂರು ವರ್ಷ. ಮದುವೆಯಾಗಿ ಎರಡನೆಯ ವರ್ಷ ನಡೆಯುತ್ತಿತ್ತು. ಹಾಸನದ ಬಾಡಿಗೆ ಮನೆಯ ಸಾಮಾನನ್ನೆಲ್ಲ ಟೆಂಪೋಗೆ ಹಾಕಿಸಿ ಅಪ್ಪ ನನ್ನನ್ನು ಹೊಳೆನರಸೀಪುರಕ್ಕೆ ಕರೆತಂದರು. ಗ್ಯಾಸ್ ಸ್ಟೌ, ಮಡಚುವ ಮಂಚ, ಮದುವೆಗೆ ಬಂದ ಸ್ಟೀಲ್ ಪಾತ್ರೆಗಳು ಹಿತ್ತಲ ಕೋಣೆ ಸೇರಿದವು. ನಾನು ನಡುಮನೆಯ ಕಿಟಕಿಯ ಪಕ್ಕ ಸೇರಿದೆ.

ನಾನು ಅಳಲಿಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ತುಟಿ ಮುಟ್ಟಿಕೊಂಡರೆ ಬೇರೆ ಯಾರದೋ ತುಟಿ ಮುಟ್ಟಿದ ಹಾಗಿರುತ್ತದಲ್ಲ, ಅಷ್ಟೇ. ಊಟಕ್ಕೆ ಕರೆದರೆ ಎದ್ದು ಹೋಗುತ್ತಿದ್ದೆ. ಸಾರು ಸಪ್ಪೆಯೋ ಉಪ್ಪೋ ಗೊತ್ತಾಗುತ್ತಿರಲಿಲ್ಲ. ನೋಡಲು ಬಂದವರು ನನ್ನನ್ನು ಅಳಿಸಲು ಪ್ರಯತ್ನಪಟ್ಟು, ಆಗದೆ, ತಾವೇ ಅತ್ತು, ಕಾಫಿ ಕುಡಿದು ಹೋಗುತ್ತಿದ್ದರು. ಅಮ್ಮ ಪ್ರತಿದಿನ ಬೆಳಿಗ್ಗೆ ನನ್ನ ಹಣೆಗೆ ತಾನೇ ಒಂದು ಪುಟ್ಟ ಸ್ಟಿಕರ್ ಬೊಟ್ಟು ಅಂಟಿಸುತ್ತಿದ್ದಳು. ಯಾರಾದರೂ ಆಡಿದರೆ ಆಡಿಕೊಳ್ಳಲಿ ಎಂಬಂತೆ ಗಟ್ಟಿಯಾಗಿ ಒತ್ತುತ್ತಿದ್ದಳು.

ನನ್ನ ತಮ್ಮ ಆಗ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಹಾಸ್ಟೆಲಿನಲ್ಲಿದ್ದವನು ನಾನು ಬಂದ ಮೇಲೆ ಭಾನುವಾರಗಳಿಗೆ ತಪ್ಪದೆ ಊರಿಗೆ ಬರತೊಡಗಿದ. ಬರುವಾಗ ಇಬ್ಬರು ಗೆಳೆಯರನ್ನೂ ಕರೆತರುತ್ತಿದ್ದ. ಒಬ್ಬ ಅರಕಲಗೂಡು ತಾಲೂಕಿನ ಮಲ್ಲಿಪಟ್ಟಣದವನು, ಆಲೂಗಡ್ಡೆ, ಹೊಗೆಸೊಪ್ಪು ಬೆಳೆಯುವ ಒಕ್ಕಲು ಮನೆಯ ಹುಡುಗ. ಎತ್ತರ, ದೊಡ್ಡ ದನಿ. ಇನ್ನೊಬ್ಬ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯವರ ಮಗ. ಅವನಿಗೆ ಕನ್ನಡಕ, ಮೆಲುಮಾತು. ಮೂವರೂ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ತಮ್ಮನ ಎದುರಿಗೆ ಸೀರೆ ಡಬ್ಬದ ರಟ್ಟನ್ನು ಮಡಿಸಿ ನಿಲ್ಲಿಸಿ, ಮಧ್ಯಾಹ್ನವೆಲ್ಲ ಏನೋ ಮಾತಾಡುತ್ತ ಕೂರುತ್ತಿದ್ದರು. ಕಾರ್ಡಿಲ್ಲ, ಕೇರಂ ಬೋರ್ಡಿಲ್ಲ. ನಡುನಡುವೆ ದಾಳ ಉರುಳಿದ ಸದ್ದು ಬರುತ್ತಿತ್ತು.

ಒಂದು ಭಾನುವಾರ ತಮ್ಮ ಕಿಟಕಿಯ ಹತ್ತಿರ ಬಂದು ನಿಂತ. "ಅಕ್ಕ, ಒಬ್ರು ಕಮ್ಮಿ ಇದಾರೆ. ಬರ್ತೀಯಾ?"

"ಏನು ಆಟ?"

"ಕಥೆ ಆಟ."

ಪಡಸಾಲೆಯಿಂದ ಮಲ್ಲಿಪಟ್ಟಣದ ಹುಡುಗ ಕೂಗಿದ. "ಬನ್ನಿ ಅಕ್ಕ, ಕಷ್ಟ ಏನಿಲ್ಲ. ಏನ್ ಮಾಡ್ತೀನಿ ಅಂತ ಬಾಯಲ್ಲಿ ಏಳಿದ್ರೆ ಆಯ್ತು. ಆಗುತ್ತೋ ಇಲ್ವೋ ಅಂತ ದಾಳ ಏಳ್ತದೆ."

ಬೇಡ ಎನ್ನುವುದಕ್ಕೂ ಒಂದು ಮನಸ್ಸು ಬೇಕಲ್ಲ. ಅದೂ ಇರಲಿಲ್ಲವಾಗಿ ಎದ್ದು ಹೋಗಿ ಚಾಪೆಯ ಮೇಲೆ ಕುಳಿತೆ.

ಆ ಆಟದ ಪುಸ್ತಕ ಚನ್ನರಾಯಪಟ್ಟಣದ ಹುಡುಗನದು. ಬೆಂಗಳೂರಿನಲ್ಲಿ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದಂತೆ, ರಟ್ಟು ಕಿತ್ತುಹೋಗಿತ್ತು. ಅದನ್ನು ಜೆರಾಕ್ಸ್ ಮಾಡಿಸಿ ಮೂವರೂ ಒಂದೊಂದು ಇಟ್ಟುಕೊಂಡಿದ್ದರು. ಮೊದಮೊದಲು ಇಪ್ಪತ್ತು ಮುಖದ ದಾಳ ಎಲ್ಲೂ ಸಿಗದೆ ಚೀಟಿ ಬರೆದು ಲೋಟದಲ್ಲಿ ಹಾಕಿ ಎತ್ತುತ್ತಿದ್ದರಂತೆ. ಆಮೇಲೆ ಮಂಡಿಗೆ ಬರುವ ವ್ಯಾಪಾರಿಯೊಬ್ಬರ ಕೈಲಿ ಮುಂಬಯಿಯಿಂದ ತರಿಸಿದರು. ನಾಲ್ಕು ಮುಖದ್ದು, ಎಂಟರದು, ಹತ್ತರದು, ಹನ್ನೆರಡರದು, ಇಪ್ಪತ್ತರದು. ಇಪ್ಪತ್ತರದು ನೀಲಿ. ಕೈಯಲ್ಲಿ ಹಿಡಿದರೆ ಹಸಿ ನೆಲ್ಲಿಕಾಯಿ ಹಿಡಿದ ಹಾಗಿತ್ತು.

ಒಬ್ಬ ಮಾತ್ರ ಮಾಸ್ಟರ್, ನಮ್ಮ ಆಟದಲ್ಲಿ ತಮ್ಮ. ಅವನು ಲೋಕವನ್ನು ಕಟ್ಟಿ ಹೇಳುತ್ತಾನೆ: ಇಲ್ಲೊಂದು ಬೆಟ್ಟ, ಬೆಟ್ಟದ ಬುಡದಲ್ಲಿ ಬಾಗಿಲು, ಒಳಗೆ ಕತ್ತಲು. ಮಿಕ್ಕವರು ಒಬ್ಬೊಬ್ಬರು ಒಂದೊಂದು ಪಾತ್ರ. ಪಾತ್ರಕ್ಕೆ ಆರು ಗುಣ. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಹಾವು ಏಣಿ ಆಟದ ಮೂರು ದಾಳಗಳನ್ನು ಒಟ್ಟಿಗೆ ಎಸೆದು ಬಿದ್ದದ್ದನ್ನು ಕೂಡಿ ಒಂದೊಂದು ಗುಣಕ್ಕೂ ಅಂಕ ಹಾಕಬೇಕು. ಬಿದ್ದಷ್ಟೇ ನಿನ್ನ ಪಾಲು. ಅದರ ಮೇಲೆ ಯೋಧ, ಮಾಂತ್ರಿಕ, ಪೂಜಾರಿ, ಕಳ್ಳ ಎಂದು ಕಸುಬು ಆರಿಸಿಕೊಳ್ಳಬೇಕು. ಏಟು ಬಿದ್ದಾಗ ಕಳೆದುಕೊಳ್ಳಲು ಇಷ್ಟು ಎಂದು ಜೀವ ಇರುತ್ತದೆ. ಅದು ಸೊನ್ನೆಗಿಳಿದರೆ ಪಾತ್ರ ಸತ್ತಂತೆ.

"ನಮ್ಮಲ್ಲಿ ಪೂಜಾರಿ ಇಲ್ಲ. ಗಾಯ ವಾಸಿ ಮಾಡೋರು ಒಬ್ರು ಬೇಕು. ಹೊಸಬರಿಗೆ ಸಾಮಾನ್ಯವಾಗಿ ಅದನ್ನೇ ಕೊಡೋದು ಅಕ್ಕ," ಎಂದ ಕನ್ನಡಕದ ಹುಡುಗ.

"ಕಳ್ಳ ಏನು ಮಾಡ್ತಾನೆ?"

"ಮುಂದೆ ಹೋಗ್ತಾನೆ. ಬೀಗ ತೆಗೀತಾನೆ. ಬಾಗಿಲಿಗೆ, ಪೆಟ್ಟಿಗೆಗೆ ಗುಟ್ಟಾಗಿ ಬಲೆ ಒಡ್ಡಿದಾರಾ ನೋಡ್ತಾನೆ. ಯಾರ ಕಣ್ಣಿಗೂ ಬೀಳದ ಹಾಗೆ ಗೋಡೆ ಪಕ್ಕ ನಡೀತಾನೆ."

"ನಾನು ಅದಾಗ್ತೀನಿ."

ತಮ್ಮ ಅಡುಗೆಮನೆಯ ಕಡೆ ನೋಡಿದ. "ಕಳ್ಳೀನಾ ಅಕ್ಕ?"

"ಹೂಂ."

ಯಾರ ಕಣ್ಣಿಗೂ ಬೀಳದ ಹಾಗೆ ಎಂಬ ಮಾತಷ್ಟೇ ನನಗೆ ಬೇಕಾಗಿತ್ತು.

ಹಾಗೆ ಶುರುವಾಯಿತು. ಬೆಟ್ಟದ ಕೆಳಗಿನ ಸುರಂಗಗಳಲ್ಲಿ ನಾನು ಭಾನುವಾರ ಭಾನುವಾರ ಬೀಗ ತೆಗೆದೆ. ಮಲ್ಲಿಪಟ್ಟಣದ ಹುಡುಗ ಯೋಧ. ಅವನ ಊರಲ್ಲಿ ಪೌರಾಣಿಕ ನಾಟಕ ಆಡುತ್ತಿದ್ದರಂತೆ, ಅವರಪ್ಪನಿಗೆ ಯಾವಾಗಲೂ ಗದೆಯ ಪಾತ್ರವಂತೆ. ಇವನೂ ಕತ್ತಿ ಬೀಸುವಾಗ ಚಾಪೆಯ ಮೇಲೆ ಮಂಡಿಯೂರಿ ಎದ್ದುಬಿಡುತ್ತಿದ್ದ. "ಲೇ, ಅಡ್ಡ ಬರ್ಬ್ಯಾಡ ಕಣ್ಲಾ, ತಲೆ ಓಗ್ಬಿಡ್ತದೆ!" ಎಂದು ಗವಿಯ ರಾಕ್ಷಸರಿಗೆ ಗದರುತ್ತಿದ್ದ. ಕನ್ನಡಕದ ಹುಡುಗ ಮಾಂತ್ರಿಕ. ಆ ಆಟದಲ್ಲಿ ಮಾಂತ್ರಿಕರಿಗೆ ಮೊದಲಲ್ಲಿ ಜೀವ ಬಹಳ ಕಮ್ಮಿ. ಅವನ ಒಬ್ಬ ಮಾಂತ್ರಿಕ ಹೊಂಡಕ್ಕೆ ಬಿದ್ದು ಸತ್ತ. ಇನ್ನೊಬ್ಬನನ್ನು ಗೋಡೆಯಿಂದ ಬಂದ ಬಾಣ ಮುಗಿಸಿತು. ಪ್ರತಿಸಲವೂ ಅವನು ಕನ್ನಡಕ ತೆಗೆದು ಒರೆಸಿಕೊಂಡು, ಹಾವು ಏಣಿಯ ದಾಳ ಎತ್ತಿಕೊಂಡು ಹೊಸ ಮಾಂತ್ರಿಕನನ್ನು ಮಾಡುತ್ತಿದ್ದ. ಹೊಸ ಪಾತ್ರ ಬರಬೇಕಾದರೆ ಒಂದು ಛತ್ರದಲ್ಲೋ ಹೆಂಡದಂಗಡಿಯಲ್ಲೋ ಉಳಿದವರಿಗೆ ಆಕಸ್ಮಿಕವಾಗಿ ಸಿಗಬೇಕು, ಕೂಡಲೇ ಎಲ್ಲರೂ ಅವನನ್ನು ನಂಬಬೇಕು, ಹಿಂದಿನವನ ವಿಷಯ ಯಾರೂ ಕೇಳಬಾರದು. ಅದೊಂದು ಪದ್ಧತಿ.

ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿ ನಿವೃತ್ತರಾಗಿದ್ದ ಅಪ್ಪ ಒಂದು ದಿನ ಪಡಸಾಲೆಯ ಕಂಬಕ್ಕೆ ಒರಗಿ ಕೇಳಿಸಿಕೊಂಡರು. "ಇದನ್ನ ಯಾರು ಕಂಡುಹಿಡಿದ್ರು?"

ತಮ್ಮ ಹೇಳಿದ. ಅಮೆರಿಕದಲ್ಲಿ ಕೆಲವರು ಮೇಜಿನ ಮೇಲೆ ಸೀಸದ ಸಿಪಾಯಿಗಳನ್ನು ನಿಲ್ಲಿಸಿ ಹಳೆಯ ಕಾಲದ ಯುದ್ಧಗಳನ್ನು ಆಡುತ್ತಿದ್ದರಂತೆ. ಪಡೆಗೆ ಪಡೆ, ಕುದುರೆಗೆ ಕುದುರೆ. ಎಪ್ಪತ್ತರ ದಶಕದಲ್ಲಿ ಯಾರಿಗೋ ಹೊಳೆಯಿತಂತೆ, ಇಡೀ ಪಡೆ ಯಾಕೆ, ಒಬ್ಬೊಬ್ಬರು ಒಬ್ಬೊಬ್ಬನೇ ಸಿಪಾಯಿ ಆದರೇನು ಎಂದು. ಮೈದಾನ ಬಿಟ್ಟು ಕೋಟೆಯ ಕೆಳಗಿನ ನೆಲಮಾಳಿಗೆಗೆ ಇಳಿದರು. ಅಲ್ಲಿಂದ ಇದು ಹುಟ್ಟಿತು. ಆಮೇಲೆ ಎಂಬತ್ತರ ದಶಕದಲ್ಲಿ ಅಲ್ಲಿನ ಅಪ್ಪ ಅಮ್ಮಂದಿರಿಗೆ ಭಯ ಹತ್ತಿಕೊಂಡಿತಂತೆ, ಮಕ್ಕಳು ಭೂತಪ್ರೇತಗಳನ್ನು ಪೂಜೆ ಮಾಡುತ್ತಿದ್ದಾರೆ, ತಲೆ ಕೆಡಿಸಿಕೊಂಡು ಪ್ರಾಣ ಕಳೆದುಕೊಳ್ಳುತ್ತಾರೆ ಎಂದು.

"ಗೆಲ್ಲೋದು ಯಾರು?" ಅಪ್ಪ ಕೇಳಿದರು.

"ಯಾರೂ ಗೆಲ್ಲಲ್ಲಪ್ಪ. ಗೆಲ್ಲೋದು ಅಂತ ಇಲ್ಲ ಇದ್ರಲ್ಲಿ. ಮುಂದುವರೀತಾ ಹೋಗುತ್ತೆ, ಅಷ್ಟೇ."

ಅಪ್ಪ "ಓಹೋ" ಎಂದು ಒಳಗೆ ಹೋದರು. ಅದು ಒಪ್ಪಿಗೆಯೋ ಅಲ್ಲವೋ ನಮಗೆ ತಿಳಿಯಲಿಲ್ಲ.

ಒಪ್ಪದವರು ಎದುರು ಮನೆಯಲ್ಲಿದ್ದರು. ಆ ಮನೆಯ ಹೆಂಗಸು ಹೂವು ಕೊಡುವ ನೆಪದಲ್ಲಿ ಬಂದು ಅಮ್ಮನ ಹತ್ತಿರ ಹೇಳಿದರು. "ನಾನೇನೂ ತಪ್ಪು ತಿಳ್ಕೊಳಲ್ಲ ಬಿಡಿ. ಆದ್ರೂ ಪ್ರಾಯದ ಗಂಡುಹುಡುಗರು, ಇವಳು ಹೀಗೆ ಬಂದು ಕೂತಿರೋಳು... ಬೀದಿಗೆ ಕಾಣೋ ಹಾಗೆ."

ಅಮ್ಮ ಹೂವು ತೆಗೆದುಕೊಂಡಳು. ಆ ಭಾನುವಾರ ಅಕ್ಕಿಯ ಮೊರ ಹಿಡಿದು ಬಂದು ನಮ್ಮ ಚಾಪೆಯ ಪಕ್ಕದಲ್ಲೇ, ಬೀದಿಗೆ ಮುಖ ಮಾಡಿ ಕುಳಿತಳು. ಮುಂದಿನ ಭಾನುವಾರವೂ. ಅಕ್ಕಿಯಲ್ಲಿ ಕಲ್ಲೇ ಇಲ್ಲದಿದ್ದರೂ ಆರಿಸುತ್ತಿದ್ದಳು. ಕೆಲವು ವಾರಗಳಲ್ಲಿ ಅವಳಿಗೆ ಕಥೆಯೂ ಹಿಡಿಯಿತು. "ಆ ಮುದುಕನ್ನ ನಂಬಬೇಡ್ರೋ, ಮೊನ್ನೆ ಸೇತುವೆ ಹತ್ರಾನೂ ಸುಳ್ಳೇ ಹೇಳಿದ್ದ," ಎನ್ನುವಳು. ಮಲ್ಲಿಪಟ್ಟಣದ ಹುಡುಗ, "ಅಮ್ಮಾರು ಏಳಿದ್ದೇ ಸರಿ ಕಣ್ರಲಾ," ಎಂದು ಮುದುಕನನ್ನು ಮರಕ್ಕೆ ಕಟ್ಟಿಹಾಕುತ್ತಿದ್ದ.

ನನಗೆ ಖುಷಿಯಾಗುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಆಟದಲ್ಲಿ ಒಂದು ಅನುಕೂಲವಿತ್ತು. "ನೀನೀಗ ಏನು ಮಾಡ್ತೀಯ?" ಎಂದು ತಮ್ಮ ಕೇಳುತ್ತಿದ್ದ. ಹೇಗಿದೀಯ, ಹೇಗನ್ನಿಸುತ್ತೆ ಎಂದು ಕೇಳುತ್ತಿರಲಿಲ್ಲ. ಬಾಗಿಲಿಗೆ ಕಿವಿ ಕೊಡ್ತೀನಿ, ದೀಪ ಆರಿಸ್ತೀನಿ, ಗೋಡೆ ತಡವಿ ನೋಡ್ತೀನಿ. ಅಷ್ಟಕ್ಕೆ ಉತ್ತರ ನನ್ನಲ್ಲಿತ್ತು.

ಹಾಗೇ ತಿಂಗಳುಗಳು ಕಳೆದವು. ಚಳಿಗಾಲ ಮುಗಿಯುವ ಹೊತ್ತಿನ ಒಂದು ಭಾನುವಾರ ನಮ್ಮ ತಂಡ ಒಂದು ಕಬ್ಬಿಣದ ಪೆಟ್ಟಿಗೆಯ ಎದುರು ನಿಂತಿತ್ತು. ನಾನು ಬಲೆ ಹುಡುಕಿದೆ. ಹುಡುಕಿದ್ದಕ್ಕೆ ದಾಳ ಎಸೆಯುವವನು ಮಾಸ್ಟರ್, ಅದೂ ರಟ್ಟಿನ ಪರದೆಯ ಹಿಂದೆ. ಎಷ್ಟು ಬಿತ್ತೆಂದು ಆಟಗಾರರಿಗೆ ತೋರಿಸುವಂತಿಲ್ಲ. ತೋರಿಸಿದರೆ, ಬಲೆ ಇಲ್ಲವೋ ಅಥವಾ ತನಗೆ ಕಾಣಲಿಲ್ಲವೋ ಎಂಬ ಅನುಮಾನವೇ ಕಳ್ಳನಿಗೆ ಉಳಿಯುವುದಿಲ್ಲ.

"ಏನೂ ಕಾಣಿಸ್ಲಿಲ್ಲ," ಎಂದ ತಮ್ಮ.

ಬೀಗ ತೆಗೆದೆ. ಬೀಗದೊಳಗಿಂದ ವಿಷದ ಸೂಜಿ ಚಿಮ್ಮಿ ಬೆರಳಿಗೆ ಚುಚ್ಚಿತು. ವಿಷ ಏರಿದಾಗ ಉಳಿಯುವುದಕ್ಕೆ ಒಂದೇ ಅವಕಾಶ, ಇಪ್ಪತ್ತು ಮುಖದ ದಾಳದಲ್ಲಿ ಹದಿಮೂರು ಅಥವಾ ಮೇಲೆ ಬೀಳಬೇಕು. ಈ ದಾಳವನ್ನು ಆಟಗಾರರೇ ಎಲ್ಲರೆದುರು ಎಸೆಯುವುದು ಕ್ರಮ. ನನ್ನದನ್ನು ಮಾತ್ರ ಮೊದಲಿಂದಲೂ ತಮ್ಮನೇ ಪರದೆಯ ಹಿಂದೆ ಎಸೆಯುತ್ತಿದ್ದ. ಹೊಸಬಳು, ಲೆಕ್ಕ ತಿಳಿಯುವುದಿಲ್ಲ ಎಂದು ಇರಬೇಕೆಂದುಕೊಂಡು ನಾನೂ ಸುಮ್ಮನಿದ್ದೆ.

ಅಷ್ಟರಲ್ಲಿ ಒಲೆಯ ಮೇಲೆ ಕಾಫಿಗಿಟ್ಟ ಹಾಲು ಉಕ್ಕುವ ವಾಸನೆ ಬಂತು. ಎದ್ದು ಹೋಗಿ ಕಾಫಿ ಬೆರೆಸಿ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಂದೆ. ತಮ್ಮನ ಹಿಂದಿನಿಂದ ಬಂದದ್ದರಿಂದ ಪರದೆಯ ಒಳಬದಿ ಕಾಣಿಸಿತು. ನೀಲಿ ದಾಳ ಚಾಪೆಯ ಮೇಲಿತ್ತು. ಅದರ ಮೇಲೆ ನಾಲ್ಕು.

"ಹದಿನೈದು!" ಎಂದ ತಮ್ಮ. "ಉಳ್ಕೊಂಡೆ ಅಕ್ಕ. ಸ್ವಲ್ಪ ತಲೆ ಸುತ್ತುತ್ತೆ, ಅಷ್ಟೇ. ಏನಾಗಿಲ್ಲ."

ತಟ್ಟೆ ಕೆಳಗಿಟ್ಟೆ. "ಎಷ್ಟು ಬಿತ್ತು?"

"ಹದಿನೈದು."

"ದಾಳದಲ್ಲಿ ಎಷ್ಟಿದೆ?"

ಅವನು ಕೈ ಮುಚ್ಚಿದ. ಕನ್ನಡಕದ ಹುಡುಗ ಕನ್ನಡಕ ತೆಗೆದ. ಮಲ್ಲಿಪಟ್ಟಣದ ಹುಡುಗ ಹೇಳಿದ. "ನಾವೇ ಏಳಿದ್ದು ಕಣಕ್ಕ. ಇವನ್ ತಪ್ಪಲ್ಲ. ನಿಮ್ಮ ಪಾತ್ರ ಸಾಯಿಸ್ಬ್ಯಾಡ ಅಂತ ಮೊದಲ್ನೇ ದಿನಾನೇ ಮಾತಾಡ್ಕಂಡಿದ್ವಿ."

"ಯಾಕೆ?"

ಅಮ್ಮನ ಕೈ ಅಕ್ಕಿಯ ಮೇಲೆ ನಿಂತಿತ್ತು.

ಮಾಂತ್ರಿಕರು ಸತ್ತಿದ್ದರು. ಯೋಧ ಎರಡು ಸಲ ಸಾವಿನ ಅಂಚಿಗೆ ಹೋಗಿ ಬಂದಿದ್ದ. ನನ್ನ ಕಳ್ಳಿಗೆ ಅಷ್ಟು ತಿಂಗಳಲ್ಲಿ ಒಂದು ಗೀರೂ ಬಿದ್ದಿರಲಿಲ್ಲ. ಕತ್ತಲಲ್ಲಿ ಎಲ್ಲರಿಗಿಂತ ಮುಂದೆ ನಾನೊಬ್ಬಳೇ ಹೋಗುತ್ತಿದ್ದೇನೆ ಎಂದುಕೊಂಡಿದ್ದೆ. ಆದರೆ ನಾನು ಹೋಗುವ ದಾರಿಯನ್ನೆಲ್ಲ ಇವರು ಮೊದಲೇ ಗುಡಿಸಿಟ್ಟಿದ್ದರು. ಎದೆಯಲ್ಲಿ ಏನೋ ಬಿಸಿಯಾಯಿತು. ಅದು ಸಿಟ್ಟು ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಬಿದ್ದದ್ದನ್ನ ಹೇಳು," ಎಂದೆ.

"ಅಕ್ಕ, ಆಟ ಇದು."

"ಆಟಾನೇ. ಎಷ್ಟು ಬಿತ್ತು?"

"ನಾಲ್ಕು."

"ನಾಲ್ಕು ಬಿದ್ರೆ ಏನಾಗುತ್ತೆ?"

ಅವನು ಜೆರಾಕ್ಸ್ ಪುಸ್ತಕದ ಹಾಳೆ ತಿರುಗಿಸಿದ. ಅದರಲ್ಲಿ ನೋಡುವುದೇನೂ ಇರಲಿಲ್ಲ.

"ನೀನು ಮಾಸ್ಟರ್. ಹೇಳಬೇಕಾದೋನು ನೀನು. ಹೇಳು."

"ಸತ್ಲು," ಎಂದ.

ಅಮ್ಮ ಮೊರ ಪಕ್ಕಕ್ಕಿಟ್ಟು ಬಹಳ ನಿಧಾನವಾಗಿ ಹೇಳಿದಳು. "ಅವಳನ್ನ ಅಲ್ಲೇ ಕತ್ತಲಲ್ಲಿ ಬಿಟ್ಟು ಹೋಗಬೇಡ್ರಪ್ಪ. ಹೊರಗೆ ತನ್ನಿ."

ಹುಡುಗರು ತಂದರು. ಯೋಧ ನನ್ನನ್ನು ಹೆಗಲ ಮೇಲೆ ಹೊತ್ತ. ದೊಡ್ಡ ದನಿಯ ಆ ಹುಡುಗ ಅಂದು ಪಿಸುಮಾತಿನಲ್ಲೇ ಆಡಿದ. ಬಂದ ದಾರಿಯಲ್ಲೇ ಹಿಂದೆ ಹೋಗುತ್ತೇವೆ, ಸೇತುವೆ ದಾಟುತ್ತೇವೆ, ಬಿಸಿಲಿರುವ ಕಡೆ ಮಲಗಿಸುತ್ತೇವೆ ಎಂದ. ಕನ್ನಡಕದ ಹುಡುಗ ಮಧ್ಯೆ ಒಂದು ಮಾತು ಹೇಳಿದ. ಪಟ್ಟಣದ ದೊಡ್ಡ ಗುಡಿಯಲ್ಲಿ ಚಿನ್ನ ಕೊಟ್ಟರೆ ಸತ್ತವರನ್ನು ಎಬ್ಬಿಸುವ ಪೂಜಾರಿ ಇರುತ್ತಾನೆ, ನಿಯಮದಲ್ಲಿದೆ, ನಮ್ಮ ಹತ್ತಿರ ಚಿನ್ನವೂ ಇದೆ ಎಂದು.

"ಬೇಡ," ಎಂದೆ. "ಮಣ್ಣು ಮಾಡಿ."

ಮಾಡಿದರು. ನಾನು ನೋಡುತ್ತ ಕುಳಿತಿದ್ದೆ. ಆಮೇಲೆ ವಿಪರೀತ ಹಸಿವಾಯಿತು. ಬೆಳಗಿನ ಹುಳಿಯನ್ನ ಉಳಿದಿತ್ತು, ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದೆ. ಹುಳಿಗೆ ಉಪ್ಪು ಜಾಸ್ತಿಯಾಗಿತ್ತು.

ಸಂಜೆ ಗೆಳೆಯರನ್ನು ಹಾಸನದ ಬಸ್ಸಿಗೆ ಹತ್ತಿಸಿ ಬಂದ ತಮ್ಮ, ತಾನು ಬೆಳಗಿನ ಬಸ್ಸಿಗೆ ಹೋಗುತ್ತೇನೆಂದು ಉಳಿದುಕೊಂಡ. ಇಬ್ಬರೂ ಹೊಳೆಯ ಕಡೆ ನಡೆದೆವು. ಹೇಮಾವತಿಯಲ್ಲಿ ನೀರು ಕಮ್ಮಿಯಿತ್ತು, ಬಂಡೆಗಳು ಕಾಣುತ್ತಿದ್ದವು. ಯಾರೋ ಎಮ್ಮೆ ಮೈತೊಳೆಯುತ್ತಿದ್ದರು.

"ಅಕ್ಕ, ಆ ದಿನ ಜೀಪಲ್ಲಿ..." ಎಂದು ಶುರುಮಾಡಿ ನಿಲ್ಲಿಸಿದ.

ಆ ದಿನ ನನ್ನ ಗಂಡ ಆಫೀಸಿನ ಕೆಲಸದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗಿದ್ದರು. ಅಲ್ಲಿ ಕುರ್ಚಿಯಲ್ಲಿ ಕೂತಿದ್ದವರು ಹಾಗೇ ಕುಸಿದರು. ಹೃದಯ ನಿಂತಿತ್ತು. ಹಾಸನದ ಮನೆಗೆ ಜೀಪು ಬಂತು. ಅದರಲ್ಲಿ ಅವರ ಸಹೋದ್ಯೋಗಿ ಒಬ್ಬರಿದ್ದರು, ಹಾಸ್ಟೆಲಿನಿಂದ ಕರೆದುಕೊಂಡು ಬಂದ ನನ್ನ ತಮ್ಮನಿದ್ದ. "ಸ್ವಲ್ಪ ಹುಷಾರಿಲ್ಲ, ಆಸ್ಪತ್ರೇಲಿದಾರೆ, ಏನಾಗಿಲ್ಲ," ಎಂದು ಹತ್ತಿಸಿಕೊಂಡರು. ಶಾಂತಿಗ್ರಾಮದಲ್ಲಿ ಜೀಪು ನಿಂತಿತು. ಸಹೋದ್ಯೋಗಿ ಇಳಿದು ಎಳನೀರು ಕೊಚ್ಚಿಸಿ ತಂದು, "ಕುಡೀರಮ್ಮ, ಬಿಸಿಲಿದೆ," ಎಂದರು. ಅವರು ಕುಡಿಯಲಿಲ್ಲ. ಡ್ರೈವರೂ ಕುಡಿಯಲಿಲ್ಲ. ನನಗೊಬ್ಬಳಿಗೇ. ದಾರಿಯುದ್ದಕ್ಕೂ ಏನೂ ಆಗಿಲ್ಲ ಎನ್ನುತ್ತಲೇ ಬಂದರು.

"ನಂಗೆ ಗೊತ್ತಿತ್ತು ಅಕ್ಕ," ಎಂದ ತಮ್ಮ. "ಮುಂದಿನ ಸೀಟಲ್ಲಿ ಕೂತಿದ್ದೆ. ಹಾಸ್ಟೆಲಿಗೆ ಬಂದಾಗ್ಲೇ ಹೇಳಿದ್ರು. ಅವಳಿಗೆ ಹೇಳಬೇಡ, ದಾರೀಲಿ ಏನಾದ್ರೂ ಮಾಡ್ಕೊಂಡ್ರೆ ಕಷ್ಟ ಅಂದ್ರು. ನೀನು ನನ್ನನ್ನೇ ಕೇಳ್ತಿದ್ದೆ, ಏನೋ ಆಗಿದೆ ಹೇಳೋ ಅಂತ. ನಾನು ತಿರುಗಿ ನೋಡ್ಲಿಲ್ಲ."

"ನನಗೂ ಗೊತ್ತಿತ್ತು," ಎಂದೆ.

"ಯಾವಾಗ?"

"ಎಳನೀರು ಕುಡೀವಾಗ."

ಅವನು ಅತ್ತುಬಿಟ್ಟ. ಇಪ್ಪತ್ತು ವರ್ಷದ ಗಂಡು, ಎಮ್ಮೆ ತೊಳೆಯುವವರು ತಿರುಗಿ ನೋಡುವ ಹಾಗೆ. ನಾನು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಆಗಲೂ ನನಗೆ ಅಳು ಬರಲಿಲ್ಲ. ಆದರೆ ಅವನ ಅಂಗಿ ಬೆವರಿನಿಂದ ಒದ್ದೆಯಾಗಿದೆ, ಇವನಿಗೆ ಚಳಿಯಾಗುತ್ತದೆ, ಬೇಗ ಮನೆಗೆ ಹೋಗಬೇಕು ಎನ್ನಿಸಿತು. ಹಾಗೆಲ್ಲ ಅನ್ನಿಸಿ ಬಹಳ ಕಾಲವಾಗಿತ್ತು.

ಮುಂದಿನ ಭಾನುವಾರ ಪಡಸಾಲೆಯಲ್ಲಿ ರಟ್ಟಿನ ಪರದೆ ಇರಲಿಲ್ಲ. ಹಾಗೆ ಮಾಡು ಎಂದು ನಾನು ಹೇಳಿರಲಿಲ್ಲ. ಹಾವು ಏಣಿಯ ದಾಳ ಎಸೆದು ಹೊಸ ಪಾತ್ರ ಮಾಡಿಕೊಂಡೆ. ಬಲ ಹೆಚ್ಚು ಬಿದ್ದಿತ್ತು, ಬುದ್ಧಿ ತೀರಾ ಕಮ್ಮಿ. ಯೋಧೆಯಾಗಬೇಕಾಯಿತು. ಛತ್ರದ ಜಗಲಿಯಲ್ಲಿ ಹಳೆಯ ಇಬ್ಬರಿಗೂ ಆಕಸ್ಮಿಕವಾಗಿ ಸಿಕ್ಕಿದೆ. ಅವರು ನನ್ನನ್ನು ಕೂಡಲೇ ನಂಬಿದರು.

"ಈ ಅಕ್ಕ ಏನ್ ಬುದ್ಧಿ ಇಲ್ದೆ ನುಗ್ತಾರ್ ಕಣ್ಲಾ!" ಎಂದು ಮಲ್ಲಿಪಟ್ಟಣದ ಹುಡುಗ ಎಷ್ಟೋ ಸಲ ತಲೆ ಚಚ್ಚಿಕೊಂಡ. ಒಮ್ಮೆ ಅವನ ಮಾತಿಗೆ ನಾನು ನಕ್ಕೆನಂತೆ. ಅಮ್ಮ ಆಮೇಲೆ ಹೇಳಿದಳು, ನನಗೆ ನೆನಪಿಲ್ಲ.

ಆ ವರ್ಷವೇ ಅಪ್ಪ ಬಿ.ಎಡ್. ಅರ್ಜಿ ತಂದುಕೊಟ್ಟರು. ಹಾಸನಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬಂದೆ. ಓದು ಮುಗಿದ ಸ್ವಲ್ಪ ಸಮಯಕ್ಕೆ ಅರಕಲಗೂಡಿನ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಮನೆ ಮಾಡಿದೆ, ಒಬ್ಬಳೇ. ಮತ್ತೆ ಮದುವೆಯ ಮಾತು ಎರಡು ಸಲ ಬಂತು. ಒಂದನ್ನು ನಾನು ಬೇಡವೆಂದೆ, ಇನ್ನೊಂದನ್ನು ಅವರು ಬೇಡವೆಂದರು. ಎರಡೂ ನನ್ನನ್ನು ಅಷ್ಟಾಗಿ ತಟ್ಟಲಿಲ್ಲ.

ಹುಡುಗರ ಕಡೆಯ ವರ್ಷದಲ್ಲಿ ಆಟ ತಿಂಗಳಿಗೊಮ್ಮೆಯಾಯಿತು. ಆಮೇಲೆ ಹಬ್ಬಕ್ಕೊಮ್ಮೆ. ಅಷ್ಟರಲ್ಲಿ ಅಮೆರಿಕದಲ್ಲಿ ಆ ಆಟದ ಹೊಸ ಪುಸ್ತಕ ಬಂದು ನಿಯಮಗಳೆಲ್ಲ ಬದಲಾಗಿವೆ ಎಂದು ಕನ್ನಡಕದ ಹುಡುಗ ಇಂಟರ್ನೆಟ್ ಸೆಂಟರಿನಲ್ಲಿ ಓದಿ ಬಂದು ಹೇಳಿದ. ನಮಗೆ ಹಳೆಯದೇ ಸಾಕು ಎಂದೆವು. ಅವನು ಮಂಡಿಯಲ್ಲಿ ಕೂರತೊಡಗಿದ. ಮಲ್ಲಿಪಟ್ಟಣದ ಹುಡುಗ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಲು ಸೇರಿದ. ತಮ್ಮನಿಗೆ ಹಾಸನದಲ್ಲೇ ಕೆಲಸವಾಯಿತು.

ಕೊನೆಯ ಸಲ ಆಡಿದಾಗ ಅದು ಕೊನೆಯ ಸಲವೆಂದು ಯಾರಿಗೂ ತಿಳಿದಿರಲಿಲ್ಲ. ನದಿಯೊಂದರ ದಡದಲ್ಲಿ ನಿಂತಿದ್ದೆವು. ಆಚೆ ದಡದಲ್ಲಿ ಬೆಂಕಿ ಕಾಣುತ್ತಿತ್ತು, ಯಾರದೆಂದು ಗೊತ್ತಾಗಿರಲಿಲ್ಲ. ನನ್ನ ಯೋಧೆ ಈಜಿ ಹೋಗಿ ನೋಡುತ್ತೇನೆಂದು ಹೊರಟಿದ್ದಳು. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಎಲೆ ಹಾಕಿದೆ ಬನ್ನಿ ಎಂದು ಕರೆದಳು. ಊಟಕ್ಕೆ ಎದ್ದೆವು.